ಬಿದ್ದವರು ಸಭೆಗೆ ಹೇಗೆ ಹೋಗಬೇಕು

ನಮ್ಮ ಭಾಗದ ಕ್ರೈಸ್ತ ಸಭೆಗಳಲ್ಲಿ, ಅದು ರಾಯಚೂರಿನ ಹಳೆಯ ಮೆಥೋಡಿಸ್ಟ್ ದೇವಾಲಯವಿರಲಿ, ಸಿಂಧನೂರು ಸುತ್ತಲಿನ ಯಾವುದೋ ಕ್ಯಾಂಪಿನಲ್ಲಿ ತಗಡಿನ ಚಾವಣಿಯ ಕೆಳಗೆ ಸೇರುವ ಪ್ರಾರ್ಥನಾ ಮಂದಿರವಿರಲಿ, ಸಾಕ್ಷಿ ಹೇಳಲು ಎದ್ದು ನಿಲ್ಲುವವರ ಮಾತಿಗೆ ಸಾಮಾನ್ಯವಾಗಿ ಒಂದೇ ಅಚ್ಚು. ಮೊದಲು ಕುಡಿಯುತ್ತಿದ್ದೆ, ಕರ್ತನು ಬಿಡಿಸಿದನು, ಸಾಲದಲ್ಲಿದ್ದೆ, ಕರ್ತನು ತೀರಿಸಿದನು, ರೋಗವಿತ್ತು, ವಾಸಿಯಾಯಿತು. ಇವುಗಳಲ್ಲಿ ಬಹಳಷ್ಟು ನಿಜವೇ ಆಗಿರುತ್ತವೆ, ಅವನ್ನು ಅನುಮಾನಿಸುವುದು ನನ್ನ ಉದ್ದೇಶವಲ್ಲ. ಆದರೆ ಅದೇ ಜಮಖಾನೆಯ ಕೊನೆಯಲ್ಲಿ, ನಿನ್ನೆ ರಾತ್ರಿಯೂ ಕುಡಿದು ಮನೆಗೆ ಬಂದವನೊಬ್ಬ, ಐಪಿಎಲ್ ಬೆಟ್ಟಿಂಗ್‌ನಲ್ಲಿ ಮಗಳ ಫೀಸಿನ ಹಣ ಕಳೆದು ಅದನ್ನು ಇನ್ನೂ ಮನೆಯಲ್ಲಿ ಹೇಳದವನೊಬ್ಬ, ಒಡಹುಟ್ಟಿದ ಅಕ್ಕನೊಡನೆ ಆಸ್ತಿಯ ವಿಷಯಕ್ಕೆ ಮಾತು ಬಿಟ್ಟು ವರ್ಷಗಳಾದ ತಂಗಿಯೊಬ್ಬಳು ಕುಳಿತಿರುತ್ತಾರೆ. ಆ ಅಚ್ಚಿನಲ್ಲಿ ಹೇಳಲು ಇವರ ಬಳಿ ಏನೂ ಇಲ್ಲ, ಏಕೆಂದರೆ ಇವರ ಕಥೆ ಇನ್ನೂ ಮುಗಿದಿಲ್ಲ. ಹೀಗಾಗಿ ಇವರಲ್ಲಿ ಕೆಲವರು ಇಲ್ಲದ ಗೆಲುವನ್ನು ನಟಿಸುತ್ತಾರೆ, ಉಳಿದವರು ಮೆಲ್ಲಗೆ ಸಭೆಗೆ ಬರುವುದನ್ನೇ ಬಿಡುತ್ತಾರೆ.

ನಟಿಸದೆ, ಬಿಟ್ಟೂ ಹೋಗದೆ ಇರಬಯಸುವವರಿಗಾಗಿ ಈ ಬರಹ. ಇದರಲ್ಲಿ ನಾನು ಒತ್ತಿ ಹೇಳುವುದು ಕ್ರಮದ ವಿಷಯವನ್ನು. ಸೋತವರು ಸತ್ಯ ಹೇಳಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಯಾರಿಗೆ ಮೊದಲು, ಯಾರಿಗೆ ನಂತರ ಎನ್ನುವುದರಲ್ಲಿ ಎಡವುತ್ತೇವೆ. ಉಪವಾಸ ಪ್ರಾರ್ಥನೆಯ ಬಿಸಿಯಲ್ಲಿ ಎಲ್ಲರೆದುರು ಅತ್ತು ತಪ್ಪನ್ನು ಅರಿಕೆ ಮಾಡಿಬಿಡುವವರು, ಮನೆಯಲ್ಲಿ ಹೆಂಡತಿಗೆ ಹೇಳಬೇಕಾದ ಒಂದು ಮಾತನ್ನು ಹೇಳದೆ ಉಳಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಸಭೆಯ ವೇದಿಕೆ ಕಟ್ಟಕಡೆಗೆ ಬರಬೇಕಾದದ್ದು, ಬಹಳ ಸಲ ಬೇಡವೇ ಬೇಡ.

ಮೊದಲು ಕಾಗದದ ಮೇಲೆ

ಒಂದು ಹಾಳೆ ಸಾಕು. ನಿಮ್ಮನ್ನು ಕಾಡುತ್ತಿರುವುದನ್ನು ದಿನಾಂಕ, ಮೊತ್ತ, ಹೆಸರುಗಳ ಸಮೇತ ಬರೆಯಿರಿ. ‘ನಾನು ಮಹಾಪಾಪಿ, ಅಯೋಗ್ಯನು’ ಎಂದು ಬರೆಯುವುದು ಸುಲಭ, ಏಕೆಂದರೆ ಅದರಲ್ಲಿ ಯಾವ ಸಂಗತಿಯೂ ಇಲ್ಲ; ಆ ಮಾತನ್ನು ಯಾವ ಕೂಟದಲ್ಲಿ ಹೇಳಿದರೂ ಎಲ್ಲರೂ ಆಮೆನ್ ಎನ್ನುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ‘ಜುಲೈ ತಿಂಗಳ ಸಂಘದ ಕಂತಿನ 2,300 ರೂಪಾಯಿಯನ್ನು ಮೊಬೈಲಿನ ರಮ್ಮಿಯಲ್ಲಿ ಕಳೆದೆ, ಸಂಬಳ ತಡವಾಯಿತೆಂದು ಮನೆಯಲ್ಲಿ ಸುಳ್ಳು ಹೇಳಿದೆ’ ಎಂದು ಬರೆಯಲು ಹೊರಟರೆ ಪೆನ್ನು ನಡುವೆ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಬರೆಯಿರಿ. ಬೇರೆಯವರ ತಪ್ಪನ್ನು ವಿವರಿಸುವ ವಾಕ್ಯಗಳು ನುಸುಳಿದರೆ ಹೊಡೆದುಹಾಕಿ; ಅವು ನಿಜವಿರಬಹುದು, ಈ ಹಾಳೆಯಲ್ಲಿ ಅವುಗಳಿಗೆ ಜಾಗವಿಲ್ಲ.

ಬೈಬಲಿನಲ್ಲಿ ಅರಸ ದಾವೀದನ ಹೆಸರಿನಲ್ಲಿರುವ 32ನೆಯ ಕೀರ್ತನೆಯಲ್ಲಿ, ಅರಿಕೆ ಮಾಡದೆ ಸುಮ್ಮನಿದ್ದ ದಿನಗಳಲ್ಲಿ ಎಲುಬುಗಳೇ ಸವೆದವೆಂದೂ ಬೇಸಿಗೆಯ ಬಿಸಿಲಿಗೆ ಸಿಕ್ಕಂತೆ ಮೈಯ ಸಾರವೆಲ್ಲ ಬತ್ತಿಹೋಯಿತೆಂದೂ ಇದೆ. ಏಪ್ರಿಲ್ ತಿಂಗಳ ರಾಯಚೂರನ್ನು ಕಂಡವರಿಗೆ ಇದಕ್ಕೆ ವ್ಯಾಖ್ಯಾನ ಬೇಡ. ಪ್ರವಾದಿ ನಾತಾನನು ಅದೇ ದಾವೀದನ ಬಳಿಗೆ ಹೋದಾಗಲೂ ಪಾಪದ ಬಗ್ಗೆ ಸಾಮಾನ್ಯವಾದ ಉಪದೇಶವನ್ನು ಕೊಡಲಿಲ್ಲ. ದಾವೀದನು ಕೊಲ್ಲಿಸಿದ್ದ ಊರೀಯನ ಹೆಸರನ್ನು ಹಿಡಿದೇ ಮಾತಾಡಿದನು.

ಬರೆದಾದ ಮೇಲೆ ಅದನ್ನು ಮೂರಾಗಿ ವಿಂಗಡಿಸುವುದು ಬಹಳ ಮುಖ್ಯ: ನಾನು ಮಾಡಿದ ತಪ್ಪು, ನನಗಿರುವ ಕಾಯಿಲೆ ಅಥವಾ ಚಟ, ನನ್ನ ಮೇಲೆ ಬಂದ ಕಷ್ಟ. ನಮ್ಮಲ್ಲಿ ಈ ಮೂರನ್ನೂ ಒಂದೇ ಗಂಟಿಗೆ ಕಟ್ಟುವ ರೂಢಿಯಿದೆ. ಬೆಳೆ ಹೋಯಿತು, ಕೆಲಸ ಹೋಯಿತು, ಗರ್ಭ ನಿಲ್ಲಲಿಲ್ಲ ಎಂದವರಿಗೆ ‘ಮನೆಯಲ್ಲಿ ಏನೋ ಪಾಪ ಅಡಗಿದೆ, ದಶಾಂಶ (ಗಳಿಕೆಯ ಹತ್ತನೆಯ ಒಂದು ಪಾಲು) ಸರಿಯಾಗಿ ಕೊಡುತ್ತಿದ್ದೀರಾ?’ ಎಂದು ಕೇಳುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾಗಿ ಕೂಡಿಟ್ಟ ನೀರು ನದಿಗೆ ಹರಿದುಹೋದದ್ದಕ್ಕೆ ಆಯಕಟ್ಟಿನ ಯಾವ ವಿಶ್ವಾಸಿಯ ಪ್ರಾರ್ಥನೆ ಕಡಿಮೆಯಾದದ್ದೂ ಕಾರಣವಲ್ಲ. ಕಾಲುವೆಯ ಕೊನೆ ಭಾಗದ ಹೊಲಕ್ಕೆ ನೀರು ತಲುಪದಿದ್ದರೆ ಅದು ಮೇಲ್ಭಾಗದವರ, ನೀರಾವರಿ ಇಲಾಖೆಯ, ಮಳೆಯ ವಿಷಯ. ಹುಟ್ಟುಕುರುಡನನ್ನು ಕಂಡು ಯಾರ ಪಾಪದಿಂದ ಹೀಗಾಯಿತೆಂದು ಶಿಷ್ಯರು ಕೇಳಿದಾಗ, ಇವನ ಪಾಪವೂ ಅಲ್ಲ, ತಂದೆತಾಯಿಯ ಪಾಪವೂ ಅಲ್ಲ ಎಂದು ಯೇಸು ಉತ್ತರಿಸಿದ್ದು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದ ಆರಂಭದಲ್ಲಿಯೇ ಇದೆ. ಮಾಡದ ತಪ್ಪನ್ನು ಒಪ್ಪಿಕೊಳ್ಳುವುದು ದೀನತೆಯಲ್ಲ, ಅದೂ ಒಂದು ಸುಳ್ಳು. ಹೀಗೆ ಕಷ್ಟವನ್ನೆಲ್ಲ ಪಾಪದ ಲೆಕ್ಕಕ್ಕೆ ಹಾಕಿಕೊಂಡವರು ನಿಜವಾದ ತಪ್ಪಿನ ಮುಂದೆ ನಿಲ್ಲುವ ಹೊತ್ತಿಗೆ ದಣಿದಿರುತ್ತಾರೆ.

ಪ್ರಾರ್ಥನೆಯ ಭಾಷೆ

ಬಳ್ಳಾರಿಯ ಕೌಲ್ ಬಜಾರ್, ಕಂಟೋನ್ಮೆಂಟ್ ಕಡೆಯ ಕುಟುಂಬಗಳಲ್ಲಿ ಆರಾಧನೆಗೆ ಒಂದು ಭಾಷೆ, ಅಡುಗೆಮನೆಗೆ ಇನ್ನೊಂದು ಭಾಷೆ ಇರುವುದು ಹೊಸತಲ್ಲ. ಒಂಟಿಯಾಗಿ ದೇವರ ಮುಂದೆ ಕುಳಿತಾಗ ನೀವು ಮನೆಯಲ್ಲಿ ಜಗಳವಾಡುವ ಭಾಷೆಯಲ್ಲಿಯೇ ಮಾತಾಡಿ, ಅದು ತೆಲುಗಾಗಿರಲಿ, ತಮಿಳಾಗಿರಲಿ, ನಮ್ಮ ಸೀಮೆಯ ಕನ್ನಡವಾಗಿರಲಿ. ‘ಕೃಪಾಸಾಗರನಾದ ಪರಲೋಕದ ತಂದೆಯೇ’ ಎಂದು ಶುರುಮಾಡಿದರೆ ಉಳಿದದ್ದೆಲ್ಲ ಬಾಯಿಪಾಠದ ಹಾದಿಯನ್ನೇ ಹಿಡಿಯುತ್ತದೆ.

ಮಾತು ಹೊರಡದ ದಿನಗಳಿಗೆ ಕೀರ್ತನೆಗಳಿವೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಅಂದರೆ ದುಃಖದ ಕೀರ್ತನೆಗಳು ನಮ್ಮ ನುಡಿಯಲ್ಲಿ ಸಿಗತೊಡಗಿ ಎರಡು ಶತಮಾನ ತುಂಬುತ್ತ ಬಂದಿದೆ. ಆದರೂ ನಾವು 23ನೆಯ ಮತ್ತು 91ನೆಯ ಕೀರ್ತನೆಗಳನ್ನು ಬಿಟ್ಟು ಆಚೆ ಹೋಗುವುದು ಕಡಿಮೆ. 13ನೆಯದನ್ನು, 88ನೆಯದನ್ನು ಗಟ್ಟಿಯಾಗಿ ಓದಿ. 88ನೆಯದು ಸ್ತೋತ್ರದಲ್ಲಿ ಮುಗಿಯುವುದಿಲ್ಲ, ಕತ್ತಲೆಯಲ್ಲಿಯೇ ಮುಗಿಯುತ್ತದೆ, ಮತ್ತು ಅದನ್ನು ಯಾರೂ ತಿದ್ದಲಿಲ್ಲ.

ಒಬ್ಬರಿಗೆ ಹೇಳಿ, ಒಬ್ಬರಿಗೇ ಹೇಳಿ

ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಬೇಕೆಂದು ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ ಹೇಳುತ್ತದೆ. ಬಳ್ಳಾರಿ ಧರ್ಮಪ್ರಾಂತ್ಯದ ಕಥೊಲಿಕರಿಗೆ ಇದರ ದಾರಿ ಸಿದ್ಧವಾಗಿದೆ: ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಊರಿನ ಫಾದರ್ ದಿನವೂ ಮುಖ ನೋಡುವವರು ಎಂಬ ಸಂಕೋಚವಿದ್ದರೆ ಪಕ್ಕದ ಊರಿನ ದೇವಾಲಯಕ್ಕೆ ಹೋಗಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಉಳಿದ ಸಭೆಗಳವರು ಆಳನ್ನು ತಾವೇ ಆರಿಸಿಕೊಳ್ಳಬೇಕು, ಮತ್ತು ಹೆಚ್ಚಿನ ಅನಾಹುತಗಳು ಆಗುವುದು ಈ ಆಯ್ಕೆಯಲ್ಲಿಯೇ.

ಗಂಡಸರು ಗಂಡಸರನ್ನು, ಹೆಂಗಸರು ಹೆಂಗಸರನ್ನು ಆರಿಸಿಕೊಳ್ಳುವುದು ಒಳ್ಳೆಯದು. ನೆಂಟರು ಬೇಡ. ನಿಮಗೆ ಸಾಲ ಕೊಟ್ಟವರು, ಕೆಲಸ ಕೊಟ್ಟವರು ಬೇಡ. ಬೇರೆಯವರ ಗುಟ್ಟನ್ನು ‘ಪ್ರಾರ್ಥನಾ ವಿಷಯ’ ಎಂಬ ಹೆಸರಿನಲ್ಲಿ ನಿಮ್ಮ ಬಳಿ ಹೇಳುವವರು ನಿಮ್ಮ ಗುಟ್ಟನ್ನೂ ಅದೇ ಹೆಸರಿನಲ್ಲಿ ಬೇರೆಡೆ ಹೇಳುತ್ತಾರೆ, ಸಭೆಯ ವಾಟ್ಸಾಪ್ ಗುಂಪು ಬಂದ ಮೇಲಂತೂ ಅದಕ್ಕೆ ಒಂದು ನಿಮಿಷವೂ ಬೇಕಾಗಿಲ್ಲ. ತಮ್ಮ ಸೋಲನ್ನು ಯಾವಾಗಲಾದರೂ, ಅಲಂಕಾರವಿಲ್ಲದೆ, ನಿಮ್ಮೆದುರು ಹೇಳಿಕೊಂಡವರು ಯಾರಾದರೂ ಇದ್ದರೆ ಅವರೇ ಸರಿಯಾದ ಆಳು. ಅಂಥವರು ವಯಸ್ಸಿನಲ್ಲಿ ನಿಮಗಿಂತ ಚಿಕ್ಕವರಾಗಿದ್ದರೂ, ಸಭೆಯಲ್ಲಿ ಯಾವ ಹುದ್ದೆಯೂ ಇಲ್ಲದವರಾಗಿದ್ದರೂ ಅಡ್ಡಿಯಿಲ್ಲ.

ಹೇಳುವ ಹೊತ್ತಿಗೆ ಆ ಹಾಳೆಯನ್ನು ಜೊತೆಗೆ ಒಯ್ಯಿರಿ. ಪೀಠಿಕೆ ಚಿಕ್ಕದಿರಲಿ: ‘ಅಣ್ಣಾ, ನಿಮ್ಮ ಹತ್ರ ಒಂದು ಮಾತು ಹೇಳೋದೈತಿ. ಬುದ್ಧಿ ಹೇಳೋದು ಆಮ್ಯಾಲೆ, ಮೊದಲು ಪೂರ್ತಿ ಕೇಳ್ರಿ.’ ಈ ಎರಡನೆಯ ವಾಕ್ಯವನ್ನು ಬಿಡಬೇಡಿ. ಏಕೆಂದರೆ ನಮ್ಮಲ್ಲಿ ಒಳ್ಳೆಯ ಮನಸ್ಸಿನವರೂ ಅರ್ಧ ಕೇಳುತ್ತಿದ್ದಂತೆಯೇ ‘ಬರ್ರಿ, ಪ್ರಾರ್ಥನೆ ಮಾಡೋಣು’ ಎಂದು ಕಣ್ಣು ಮುಚ್ಚಿಬಿಡುತ್ತಾರೆ. ಆ ಪ್ರಾರ್ಥನೆಯಿಂದ ಅವರ ಮುಜುಗರ ತೀರುತ್ತದೆ, ನಿಮ್ಮ ಮಾತು ಬಾಯಲ್ಲಿಯೇ ಉಳಿಯುತ್ತದೆ. ಹಣದ ವಿಷಯವಾದರೆ ಬಾಯಿಮಾತಿನ ಜೊತೆಗೆ ಫೋನ್‌ಪೇಯ ಲೆಕ್ಕವನ್ನೂ ತೆರೆದು ತೋರಿಸಿ. ಮೊತ್ತವನ್ನು ಸ್ವಲ್ಪ ಇಳಿಸಿ ಹೇಳುವ ಚಪಲ ಎಲ್ಲರಿಗೂ ಬರುತ್ತದೆ, ಪರದೆಯ ಮೇಲಿನ ಅಂಕಿ ಇಳಿಯುವುದಿಲ್ಲ. ಹೊರಡುವ ಮುನ್ನ ಮುಂದಿನ ಭೇಟಿಯ ದಿನವನ್ನು ಗೊತ್ತುಮಾಡಿಕೊಳ್ಳಿ.

ನಷ್ಟವಾದವರ ಬಳಿಗೆ

ದೇವರು ಕ್ಷಮಿಸಿದನು, ಇನ್ನು ಹಳೆಯದನ್ನು ಕೆದಕುವುದೇಕೆ ಎಂಬ ಮಾತಿಗೆ ಸತ್ಯವೇದದಲ್ಲಿ ಆಧಾರ ಸಿಗುವುದು ಕಷ್ಟ. ಬೈಬಲಿನ ಅರಣ್ಯಕಾಂಡದ 5ನೆಯ ಅಧ್ಯಾಯದಲ್ಲಿ ಕ್ರಮ ಸ್ಪಷ್ಟವಾಗಿದೆ: ತಪ್ಪು ಮಾಡಿದವನು ಅದನ್ನು ಅರಿಕೆ ಮಾಡಬೇಕು, ನಷ್ಟವನ್ನು ಪೂರ್ತಿ ತುಂಬಬೇಕು, ಅದರ ಮೇಲೆ ಐದನೆಯ ಒಂದು ಪಾಲನ್ನು ಸೇರಿಸಿ ನಷ್ಟಪಟ್ಟವನಿಗೇ ಕೊಡಬೇಕು. ಯೇಸುವನ್ನು ಕಂಡ ಸುಂಕದವನು ಜಕ್ಕಾಯನು, ಅನ್ಯಾಯವಾಗಿ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದನು. ಬಲಿಪೀಠದ ಬಳಿ ಕಾಣಿಕೆ ಹಿಡಿದು ನಿಂತಾಗಲೂ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ದೂರಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗು ಎನ್ನುತ್ತದೆ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆಯ ಚಿಕ್ಕ ಘಟಕ ನಡೆಸುವ ವಿಶ್ವಾಸಿಯೊಬ್ಬರು ಪೀಸ್ ಲೆಕ್ಕದ ಹೆಂಗಸೊಬ್ಬರ ಕೂಲಿಯಲ್ಲಿ 10,000 ರೂಪಾಯಿ ಹಿಡಿದುಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಮನಸ್ಸು ಚುಚ್ಚಿದಾಗ ಅವರು ಸಭೆಯ ಕಟ್ಟಡಕ್ಕೆ 25,000 ಕಾಣಿಕೆ ಹಾಕುತ್ತಾರೆ, ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರೆ. ಆ ಹೆಂಗಸಿಗೆ ಸಲ್ಲಬೇಕಾದದ್ದು 12,000, ಕೈಗೆ, ‘ಇದು ನಿಮ್ಮದೇ, ನಾನು ಕೊಡದೆ ಇಟ್ಟುಕೊಂಡಿದ್ದೆ’ ಎಂಬ ಮಾತಿನೊಂದಿಗೆ. ಇಂಥ ಕಾಣಿಕೆಯ ಹಿನ್ನೆಲೆ ತಿಳಿದ ಪಾಸ್ಟರ್ ಅದನ್ನು ಹಿಂದಿರುಗಿಸಬೇಕೆಂದು ನಾನು ಭಾವಿಸುತ್ತೇನೆ. ಕಟ್ಟಡ ಒಂದು ವರ್ಷ ತಡವಾಗಲಿ. ಇಡೀ ಮೊತ್ತ ಒಮ್ಮೆಗೇ ಇಲ್ಲದವರು ತಿಂಗಳ ಕಂತು ಗೊತ್ತುಮಾಡಿ, ದಿನಾಂಕ ಬರೆದುಕೊಟ್ಟು ತೀರಿಸಬಹುದು.

ಗಂಡ ಹೆಂಡತಿಯ ನಡುವೆ ಹೇಳುವಾಗ ಮಕ್ಕಳು ಮಲಗಿದ ಮೇಲೆ, ಪೂರ್ತಿಯಾಗಿ, ಒಂದೇ ಸಲಕ್ಕೆ ಹೇಳಿ. ಇಂದು ಅರ್ಧ, ಮುಂದಿನ ತಿಂಗಳು ಕಾಲು ಎಂದು ಬಿಡಿಬಿಡಿಯಾಗಿ ಹೊರಬಂದ ಸತ್ಯ ಪ್ರತಿ ಸಲವೂ ಹೊಸ ಗಾಯ ಮಾಡುತ್ತದೆ. ಹೇಳಿದ ಕೂಡಲೇ ಕ್ಷಮೆ ಕೇಳಬಹುದು, ಕ್ಷಮೆಯನ್ನು ವಸೂಲಿ ಮಾಡುವಂತಿಲ್ಲ. ‘ಕರ್ತನೇ ಕ್ಷಮಿಸಿದ್ದಾನೆ, ನೀನ್ಯಾಕೆ ಇನ್ನೂ ಮುಖ ಊದಿಸಿಕೊಂಡಿದ್ದೀ’ ಎನ್ನುವ ಗಂಡನು ಅರಿಕೆಯನ್ನು ಇನ್ನೂ ಆರಂಭಿಸಿಯೇ ಇಲ್ಲ.

ಇಲ್ಲಿ ಒಂದು ಗೆರೆ ಎಳೆಯಲೇಬೇಕು. ಹೊಡೆತ, ಬೆದರಿಕೆ, ಲೈಂಗಿಕ ದೌರ್ಜನ್ಯ ಇವು ಸಭೆಯ ಹಿರಿಯರು ಕುಳಿತು ‘ಹೊಂದಿಕೊಂಡು ಹೋಗ್ರಿ’ ಎಂದು ಮುಗಿಸುವ ವಿಷಯಗಳಲ್ಲ. ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿಗಳಿವೆ. ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ, ಸಭೆಯ ಮುಖಂಡರಿಗೂ ಇದು ಅನ್ವಯಿಸುತ್ತದೆ. ತಪ್ಪಿತಸ್ಥನು ಅತ್ತು ಅರಿಕೆ ಮಾಡಿದ್ದಾನೆ ಎನ್ನುವುದು ದೂರನ್ನು ತಡೆಹಿಡಿಯಲು ಕಾರಣವಾಗದು. ದಾವೀದನಿಗೆ ಕ್ಷಮೆ ಸಿಕ್ಕ ಮೇಲೂ ಅವನ ಕೃತ್ಯದ ಪರಿಣಾಮ ಅವನ ಮನೆಯನ್ನು ಬಿಡಲಿಲ್ಲ.

ವೈದ್ಯರ ಬಳಿಗೆ

ಹಾಳೆಯ ಎರಡನೆಯ ಭಾಗದಲ್ಲಿ ಕುಡಿತ, ನಿದ್ರೆಯಿಲ್ಲದ ರಾತ್ರಿಗಳು, ಸಾಯಬೇಕೆನ್ನಿಸುವುದು, ಏನೂ ಬೇಡವೆನ್ನಿಸುವುದು ಇದ್ದರೆ ಅರಿಕೆಯೊಂದೇ ಸಾಲದು.

ಕುಡಿತದ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದದ್ದೊಂದಿದೆ. ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿಯುತ್ತಿದ್ದವರು ಒಂದು ಉಜ್ಜೀವನ ಕೂಟದಲ್ಲಿ ತೀರ್ಮಾನ ಮಾಡಿ ಒಮ್ಮೆಲೇ ನಿಲ್ಲಿಸಿದರೆ, ಮೊದಲ ಕೆಲವು ದಿನಗಳಲ್ಲಿ ಕೈನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣಿಸುವುದು, ಕೇಳಿಸುವುದು ಉಂಟಾಗಬಹುದು. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಇದನ್ನು ದೆವ್ವದ ಕಾಟವೆಂದು ತಿಳಿದು ರಾತ್ರಿಯಿಡೀ ಕೂಗಿ ಪ್ರಾರ್ಥಿಸುತ್ತ ಕೂರುವುದಕ್ಕಿಂತ ಆಂಬುಲೆನ್ಸ್‌ಗೆ 108 ಒತ್ತುವುದು ಮೊದಲ ಕೆಲಸ. ನಿಲ್ಲಿಸುವ ತೀರ್ಮಾನ ಒಳ್ಳೆಯದೇ, ಅದನ್ನು ವೈದ್ಯರಿಗೆ ತಿಳಿಸಿ ನಿಲ್ಲಿಸಿ. ಅಮಲು ಚಟದ ಸಹಾಯವಾಣಿ 14446. ಮನಸ್ಸಿನ ತೊಂದರೆಗಳಿಗೆ ಹಗಲೂ ರಾತ್ರಿ ಸಿಗುವ ಟೆಲಿ ಮಾನಸ್ 14416, ಕನ್ನಡದಲ್ಲಿಯೇ ಮಾತಾಡಬಹುದು. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ.

ಮನೋವೈದ್ಯರೆಂದರೆ ಬೆಂಗಳೂರಿನ, ಧಾರವಾಡದ ವಿಷಯವೆಂದು ತಿಳಿದವರು ನಮ್ಮಲ್ಲಿ ಬಹಳ. ವಾಸ್ತವವಾಗಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ಆರೋಗ್ಯ ಕಾರ್ಯಕರ್ತರನ್ನೂ ತರಬೇತುಗೊಳಿಸಿ ಜಿಲ್ಲೆಯಲ್ಲಿಯೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಆ ‘ಬಳ್ಳಾರಿ ಮಾದರಿ’ಯನ್ನು ಆಧರಿಸಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಮಾತ್ರೆ ತೆಗೆದುಕೊಂಡರೆ ವಿಶ್ವಾಸ ಕಡಿಮೆಯಾಯಿತೆಂದು ಹೇಳುವವರಿಗೆ ಬೈಬಲಿನ ಒಂದನೆಯ ಅರಸುಗಳು ಪುಸ್ತಕದ 19ನೆಯ ಅಧ್ಯಾಯವನ್ನು ಓದಿಸಬೇಕು. ಸಾವನ್ನು ಬೇಡಿ ಗಿಡದಡಿ ಬಿದ್ದುಕೊಂಡ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು, ಮಲಗಲು ಬಿಟ್ಟನು, ಮತ್ತೆ ಎಬ್ಬಿಸಿ ಉಣ್ಣಿಸಿದನು. ತೋರಣಗಲ್ಲಿನ ಕಾರ್ಖಾನೆಯಲ್ಲೋ ಹಟ್ಟಿಯ ಗಣಿಯಲ್ಲೋ ರಾತ್ರಿ ಪಾಳಿ ಮುಗಿಸಿ ಬಂದವನು ಭಾನುವಾರ ಬೆಳಗಿನ ಆರಾಧನೆಯಲ್ಲಿ ತೂಕಡಿಸಿದರೆ ಅದನ್ನು ಹಾಳೆಯ ಯಾವ ಭಾಗದಲ್ಲಿಯೂ ಬರೆಯಬೇಕಾಗಿಲ್ಲ.

ಭಾನುವಾರ

ಸಭೆಗೆ ಹೋಗಿ. ಕೂರುವ ಜಾಗವನ್ನು ಬದಲಿಸಬೇಡಿ. ಮುಂದೆ ಕೂರುತ್ತಿದ್ದವರು ಒಮ್ಮೆಲೇ ಬಾಗಿಲ ಬಳಿ ಕುಳಿತರೆ ಹತ್ತು ಜನ ಕಾರಣ ಕೇಳುತ್ತಾರೆ, ನೀವು ಹತ್ತು ಸುಳ್ಳು ಹೇಳುತ್ತೀರಿ. ಆದರೆ ಹಾಡು ನಡೆಸುವುದು, ವಾಕ್ಯ ಹೇಳುವುದು, ಖಜಾಂಚಿಯ ಕೆಲಸ ಇಂಥ ಹೊಣೆಗಳಿದ್ದರೆ, ವಿಶೇಷವಾಗಿ ತಪ್ಪು ಹಣದ್ದೋ ನಂಬಿಕೆದ್ರೋಹದ್ದೋ ಆಗಿದ್ದರೆ, ಯಾರೋ ಇಳಿಸುವ ಮೊದಲು ನೀವೇ ಇಳಿಯಿರಿ. ‘ಅಯ್ಯನವರೇ, ನನ್ನ ಜೀವನದಲ್ಲಿ ಸರಿಪಡಿಸಿಕೊಳ್ಳಬೇಕಾದದ್ದಿದೆ, ಕೆಲವು ತಿಂಗಳು ಈ ಕೆಲಸ ಬೇರೆಯವರಿಗೆ ಕೊಡಿ’ ಎಂದರೆ ಸಾಕು. ಸಭೆಯ ಹಣವನ್ನೇ ಮುಟ್ಟಿದ್ದರೆ ಮಾತ್ರ ಮೊತ್ತವನ್ನೂ ಆಗಲೇ ಹೇಳಬೇಕು.

ಕರ್ತನ ಭೋಜನದ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಯ ವಿಷಯದಲ್ಲಿ ಬಹಳ ಜನ ತಿಂಗಳುಗಟ್ಟಲೆ ಹಿಂದೆ ಸರಿಯುತ್ತಾರೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಅಪೊಸ್ತಲ ಪೌಲನು, ಪ್ರತಿಯೊಬ್ಬನು ತನ್ನನ್ನು ಪರೀಕ್ಷಿಸಿಕೊಂಡು ಆಮೇಲೆ ತಿನ್ನಲಿ ಎನ್ನುತ್ತಾನೆ. ಕಥೊಲಿಕರಲ್ಲಿ ಘೋರ ಪಾಪವಿದ್ದರೆ ಪಾಪನಿವೇದನೆ ಮುಗಿದ ಮೇಲೆಯೇ ಸತ್ಪ್ರಸಾದ. ಉಳಿದವರು ತಮ್ಮ ಪಾಸ್ಟರ್ ಜೊತೆ ಮಾತಾಡಿ ಒಂದು ದಿನ ಗೊತ್ತುಮಾಡಿಕೊಳ್ಳಲಿ. ದಿನ ಗೊತ್ತಿಲ್ಲದೆ ದೂರ ನಿಂತವರು ದೂರದಲ್ಲಿಯೇ ಉಳಿಯುವುದು ಸಾಮಾನ್ಯ.

ಸಾಕ್ಷಿ ಹೇಳಲು ಕರೆದರೆ? ಎದ್ದು ನಿಲ್ಲಲೇಬೇಕಾದ ಪ್ರಸಂಗ ಬಂದರೆ ‘ಇನ್ನೂ ಹೋರಾಟದಲ್ಲಿದ್ದೇನೆ, ನನಗಾಗಿ ಪ್ರಾರ್ಥಿಸಿ’ ಎಂದು ಕುಳಿತುಬಿಡಿ. ವಿವರ ಬೇಡ.

ಮತ್ತೆ ಬಿದ್ದಾಗ

ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿದ ಶಿಷ್ಯ ಪೇತ್ರನನ್ನು ಸಮುದ್ರತೀರದಲ್ಲಿ, ಕೆಂಡದ ಬಳಿ, ಮೂರು ಸಲ ಪ್ರಶ್ನಿಸಿ ಕರ್ತನು ಮತ್ತೆ ಕೆಲಸಕ್ಕೆ ನಿಲ್ಲಿಸಿದ ಕಥೆಯನ್ನು ಎಲ್ಲ ಪ್ರಸಂಗಿಗಳೂ ಹೇಳುತ್ತಾರೆ. ಅದೇ ಪೇತ್ರನು ವರ್ಷಗಳ ನಂತರ ಅಂತಿಯೋಕ್ಯದಲ್ಲಿ, ಯೆರೂಸಲೇಮಿನಿಂದ ಬಂದವರಿಗೆ ಹೆದರಿ, ಯೆಹೂದ್ಯರಲ್ಲದ ಅನ್ಯಜನರೊಂದಿಗೆ ಊಟಕ್ಕೆ ಕೂರುವುದನ್ನು ಬಿಟ್ಟನೆಂದೂ ಪೌಲನು ಅವನನ್ನು ಎಲ್ಲರೆದುರು ತಡೆದನೆಂದೂ ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿರುವುದನ್ನು ಹೇಳುವವರು ಕಡಿಮೆ. ಜನಕ್ಕೆ ಹೆದರುವ ಹಳೆಯ ಸ್ವಭಾವವೇ ಮತ್ತೆ ಕಾಣಿಸಿಕೊಂಡಿತ್ತು. ಸಹಪಂಕ್ತಿಯ ವಿಷಯ ನಮ್ಮ ಊರುಗಳ ಸಭೆಗಳಿಗೂ ಹೊರಗಿನದಲ್ಲ, ಆದರೆ ಅದು ಬೇರೆಯೇ ಬರಹಕ್ಕೆ ತಕ್ಕ ವಿಷಯ.

ಮತ್ತೆ ಬಿದ್ದ ದಿನ ಮಾಡಬೇಕಾದದ್ದು ಚಿಕ್ಕದು. ಆ ರಾತ್ರಿ ಮಲಗುವ ಮುನ್ನ ಅದೇ ಒಬ್ಬರಿಗೆ ಫೋನ್ ಮಾಡಿ, ನಡೆದದ್ದನ್ನು ಎರಡು ವಾಕ್ಯಗಳಲ್ಲಿ ಹೇಳಿ. ‘ಹೇಗೂ ಕೆಟ್ಟಿತು, ಈ ವಾರವೊಂದು ಹೋಗಲಿ’ ಎಂಬ ಯೋಚನೆ ಬರುವುದು ಮರುದಿನ ಬೆಳಗ್ಗೆ. ಅದಕ್ಕೆ ಮೊದಲೇ ಹೇಳಿ ಮುಗಿದಿರಬೇಕು. ಮರುದಿನ ಹಾಳೆ ತೆಗೆದು, ಎಲ್ಲಿ, ಯಾವ ಹೊತ್ತಿನಲ್ಲಿ, ಯಾರ ಜೊತೆಗಿದ್ದಾಗ ಎಂದು ಬರೆಯಿರಿ. ಸಂಬಳದ ದಿನ ಸಂಜೆ ಒಂದೇ ದಾರಿಯಲ್ಲಿ ಬರುವಾಗ ಪದೇ ಪದೇ ಆಗುತ್ತಿದ್ದರೆ ದಾರಿ ಬದಲಿಸಿ, ಸಂಬಳವನ್ನು ಮನೆಯವರ ಖಾತೆಗೆ ಹಾಕಿಸಿ, ಆ್ಯಪ್ ಅಳಿಸಿ. ಹೊಸ ಹರಕೆ, ಹೊಸ ಆಣೆ, ನಲವತ್ತು ದಿನದ ಉಪವಾಸದ ಘೋಷಣೆ ಆ ದಿನ ಬೇಡ.

ಕೇಳುವ ಸ್ಥಾನದಲ್ಲಿರುವವರಿಗೂ ಒಂದು ಮಾತು. ಸುವಾರ್ತಾ ಪ್ರಯಾಣದ ನಡುವೆ ಪಂಫುಲ್ಯದಲ್ಲಿ ಕೈಬಿಟ್ಟು ಹೋದ ಮಾರ್ಕನನ್ನು ಮತ್ತೆ ಜೊತೆಗೆ ಕರೆದೊಯ್ಯುವ ವಿಷಯದಲ್ಲಿ ಪೌಲ ಬಾರ್ನಬರು ತೀಕ್ಷ್ಣವಾಗಿ ವಾದಿಸಿ ಬೇರೆಯಾದರು. ಬಾರ್ನಬನು ಅವನನ್ನು ಕರೆದುಕೊಂಡು ಹೋದನು. ಕೊನೆಗೆ ಪೌಲನೇ ತನ್ನ ಜೊತೆಕೆಲಸದವನಾದ ತಿಮೊಥೆಯನಿಗೆ ಬರೆಯುತ್ತ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು ಎಂದನು. ಎರಡನೆಯ ಸಲ, ಮೂರನೆಯ ಸಲ ಕೇಳುವಾಗ ನಿಮಗೆ ಬೇಸರ ಬರುವುದು ಸಹಜ. ಬೇಸರವಾಗಿದೆಯೆಂದೇ ಹೇಳಿ, ಫೋನ್ ಎತ್ತುವುದನ್ನು ಬಿಡಬೇಡಿ. ಈ ಹೊರೆ ಅತಿ ಭಾರವಾಗುವುದು ಹಳ್ಳಿಗಳಲ್ಲಿ ಒಬ್ಬಂಟಿಯಾಗಿ ಸೇವೆ ಮಾಡುವ ಪಾಸ್ಟರ್‌ಗಳಿಗೆ; ಎಲ್ಲರ ಅರಿಕೆಯನ್ನೂ ಕೇಳುವ ಅವರದನ್ನು ಕೇಳುವವರು ಊರಿನಲ್ಲಿ ಯಾರೂ ಇರುವುದಿಲ್ಲ. ಮಸ್ಕಿಯವರಿಗೆ ಲಿಂಗಸುಗೂರಿನ, ಕಂಪ್ಲಿಯವರಿಗೆ ಗಂಗಾವತಿಯ ಒಬ್ಬ ಸೇವಕರು ಸಿಕ್ಕರೆ, ಬೇರೆ ಸಭಾಪಂಗಡದವರಾದರೂ ಸರಿ, ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ಬರಬಹುದು. ಆ ಬಸ್ ಚಾರ್ಜನ್ನು ಸಭೆಯ ಖರ್ಚಿನಲ್ಲಿ ಹಾಕಲು ಹಿರಿಯರು ಒಪ್ಪಬೇಕು, ಎಲ್ಲಿಗೆ, ಯಾಕೆ ಎಂದು ಕೇಳದೆ.